ಜಿಲ್ಲೆಗೊಂದು ಸರ್ಕಾರಿ ಮೆಡಿಕಲ್ ಕಾಲೇಜು ಬಂದರೆ ಬಡವರಿಗೆ ನಿಜವಾಗಿ ಅನುಕೂಲ ಆಗುತ್ತದಾ?

ಕಲ್ಯಾಣ ಕರ್ನಾಟಕದ ಹೆಚ್ಚಿನ ಜಿಲ್ಲೆಗಳಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಬಂದಾಯಿತು, ಆದರೂ ಜನ ಸೊಲ್ಲಾಪುರ, ಹೈದರಾಬಾದ್ ಅಂತ ಓಡುತ್ತಲೇ ಇದ್ದಾರೆ, ಹಾಗಾದರೆ ಇಷ್ಟು ದುಡ್ಡು ಸುರಿದು ಏನು ಬಂತು ಎಂದು ಕೇಳಿದ್ದೀರಿ. ನಾನು ರಾಯಚೂರು ಜಿಲ್ಲೆಯವನು. ಸರ್ಕಾರಿ ಕಾಲೇಜಿನಲ್ಲಿ ಎಂಬಿಬಿಎಸ್ ಓದಿ, ಈಗ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ಉತ್ತರ ಇಷ್ಟೇ: ತುಂಬಾ ಅನುಕೂಲ ಆಗುತ್ತದೆ. ಅದು ಗೊತ್ತಾಗಬೇಕಾದರೆ ಆಸ್ಪತ್ರೆಗೆ ಹಗಲು ಹೋಗಬೇಡಿ, ರಾತ್ರಿ ಹೋಗಿ ನೋಡಿ.

ಕಾಲೇಜು ಇಲ್ಲದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೊಂದು ವಿಭಾಗಕ್ಕೆ ಒಬ್ಬರೋ ಇಬ್ಬರೋ ತಜ್ಞರು ಇರುತ್ತಾರೆ. ಹಗಲೆಲ್ಲ ಓಪಿಡಿ ನೋಡಿದವರು ರಾತ್ರಿ ಕರೆದಾಗಲೂ ಬರಬೇಕು. ಎಷ್ಟು ದಿನ ಅಂತ ಬಂದಾರು? ಕಾಲೇಜು ಬಂತು ಅಂದರೆ ಲೆಕ್ಕವೇ ಬೇರೆ. 150 ಸೀಟಿನ ಕಾಲೇಜಿಗೆ ಆರುನೂರರಷ್ಟು ಹಾಸಿಗೆ ಇರಲೇಬೇಕು ಅಂತ ನಿಯಮ ಇದೆ. ಪ್ರತಿ ವಿಭಾಗಕ್ಕೂ ಪ್ರೊಫೆಸರ್‌ನಿಂದ ಹಿಡಿದು ಸೀನಿಯರ್ ರೆಸಿಡೆಂಟ್ ತನಕ ಜನ ಬೇಕು. ಕ್ಯಾಶುವಾಲ್ಟಿಯಲ್ಲಿ ಹೌಸ್ ಸರ್ಜನ್‌ಗಳು, ಅಂದರೆ ಎಂಬಿಬಿಎಸ್ ಮುಗಿಸಿ ತರಬೇತಿಯಲ್ಲಿರುವ ವೈದ್ಯರು, ನಿಂತಿರುತ್ತಾರೆ. ಮೇಲೆ ಪಿಜಿ (ಸ್ನಾತಕೋತ್ತರ) ಕೋರ್ಸ್ ಶುರುವಾದರೆ ಮೂರು ಬ್ಯಾಚಿನ ಯುವ ವೈದ್ಯರು ಸರದಿಯಲ್ಲಿ ವಾರ್ಡ್ ನೋಡುತ್ತಾರೆ. ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಆಗುವುದು ಇವರಿಂದ.

ನಾವಿರುವ ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ತಜ್ಞೆ ಇದ್ದಾರೆ, ಒಳ್ಳೆಯ ಆಪರೇಷನ್ ಥಿಯೇಟರ್ ಇದೆ. ಅರಿವಳಿಕೆ ಕೊಡುವ ಡಾಕ್ಟರ್ ಇಲ್ಲದ ದಿನ ಅವೆರಡೂ ಇದ್ದು ಪ್ರಯೋಜನ ಇಲ್ಲ. ನೋವು ತಿನ್ನುತ್ತಿರುವ ಹೆಂಗಸನ್ನು ಆಂಬುಲೆನ್ಸ್ ಹತ್ತಿಸಿ ರೆಫರ್ ಮಾಡಬೇಕು. ಜೊತೆಗೆ ಹೋಗುವ ತಾಯಿ, ಗಂಡ ಇಬ್ಬರ ಕೂಲಿಯೂ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ದುಡ್ಡಿಲ್ಲ ನಿಜ, ಆದರೆ ಆ ವಾರದ ಖರ್ಚಿಗೆ ಬಡ್ಡಿಗೆ ಸಾಲ ತಂದ ಮನೆಗಳನ್ನು ನಾನು ನೋಡಿದ್ದೇನೆ. ದಾರಿಯ ಕೊನೆಯಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ ಅನ್ನೋ ಧೈರ್ಯದಲ್ಲೇ ನಾವು ಅವರನ್ನು ಕಳಿಸುವುದು.

ಈ ಧೈರ್ಯ ನಮ್ಮ ಭಾಗಕ್ಕೆ ಬಂದಿದ್ದು ಬಹಳ ತಡವಾಗಿ. ಬಳ್ಳಾರಿಯಲ್ಲಿ 1961ರಲ್ಲೇ ಸರ್ಕಾರಿ ಕಾಲೇಜು ಆಯಿತು. ರಾಯಚೂರು, ಬೀದರ್‌ಗೆ ಬರಲು 2007 ಆಗಬೇಕಾಯಿತು. ಕಲಬುರಗಿಯಲ್ಲಿ 2013, ಕೊಪ್ಪಳದಲ್ಲಿ 2015, ಯಾದಗಿರಿಯಲ್ಲಿ 2022. ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಅಂತ ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ. ಯಾದಗಿರಿಯ ಮೊದಲ ಬ್ಯಾಚಿನವರು ಹೌಸ್ ಸರ್ಜನ್ ಆಗುವುದೇ 2027ರ ಸುಮಾರಿಗೆ. ಆ ಕಾಲೇಜಿನಿಂದ ಏನೂ ಆಗಲಿಲ್ಲ ಅಂತ ಈಗಲೇ ಹೇಳುವುದು ನ್ಯಾಯ ಅಲ್ಲ.

ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಈ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು ಇಲ್ಲಿನ ಮಕ್ಕಳಿಗೆ ಮೀಸಲು. ನನಗೆ ಸೀಟು ಸಿಕ್ಕಿದ್ದೂ ಅದರಲ್ಲೇ. ಸರ್ಕಾರಿ ಸೀಟಿನ ಫೀ ಈಗ ವರ್ಷಕ್ಕೆ ಅರವತ್ತು ಸಾವಿರದ ಆಸುಪಾಸು. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಹೆಸರೆತ್ತುವ ಶಕ್ತಿಯೂ ನಮ್ಮ ಮನೆಗೆ ಇರಲಿಲ್ಲ. ಜೊತೆಗೆ ಓದಿದವರಲ್ಲಿ ಎಷ್ಟೋ ಜನ ಇಲ್ಲೇ ಸುತ್ತಮುತ್ತ ಕೆಲಸ ಮಾಡುತ್ತಿದ್ದಾರೆ. ಊರು, ಹೊಲ, ವಯಸ್ಸಾದ ಅಪ್ಪ-ಅಮ್ಮ ಇಲ್ಲಿರುವವರು ಇಲ್ಲೇ ಉಳಿಯುವುದು ಜಾಸ್ತಿ.

ಉಚಿತ ಚಿಕಿತ್ಸೆಯ ಕಾರ್ಡಿನ ವಿಷಯವನ್ನೂ ಹೇಳಲೇಬೇಕು. ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಶುರುವಾಗಿದ್ದು ಕಲಬುರಗಿ ವಿಭಾಗದಲ್ಲಿ. ಹೃದಯ, ಕ್ಯಾನ್ಸರ್‌ನಂಥ ದೊಡ್ಡ ಕಾಯಿಲೆಗಳಿಗೆ ಬಿಪಿಎಲ್ ಮನೆಯವರಿಗೆ ಉಚಿತ ಚಿಕಿತ್ಸೆ. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಯೋಜನೆ ಇಲ್ಲದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಆ ಕಾಯಿಲೆಗಳಿಂದ ಸತ್ತ ಬಡವರು ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಹಳ್ಳಿಗೇ ಬಂದು ಶಿಬಿರ ಮಾಡಿ ರೋಗಿಗಳನ್ನು ಹುಡುಕಿದ್ದು ಇಲ್ಲಿ ಕೆಲಸ ಮಾಡಿದೆ ಅಂತ ನನ್ನ ನಂಬಿಕೆ. ಈಗ ಅದು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಸೇರಿದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆದರೆ ಕಾರ್ಡ್ ಇದ್ದು ಹತ್ತಿರದಲ್ಲಿ ಆಪರೇಷನ್ ಮಾಡುವವರು ಇಲ್ಲದಿದ್ದರೆ ಏನು ಮಾಡುವುದು? ಅದಕ್ಕೇ ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ ಶುರುವಾದ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಹೊಸ ಆಸ್ಪತ್ರೆ ನನಗೆ ಅಷ್ಟು ದೊಡ್ಡದಾಗಿ ಕಾಣುವುದು. ಎದೆನೋವು ಅಂದ ಕೂಡಲೇ ಸೊಲ್ಲಾಪುರದ ದಾರಿ ಹಿಡಿಯುವುದು ಇದರಿಂದ ಕಡಿಮೆ ಆಗುತ್ತದೆ.

ಮತ್ತೆ ಯಾಕೆ ಓಡುತ್ತಾರೆ? ಮೆದುಳು, ನರದಂಥ ಸೂಪರ್ ಸ್ಪೆಷಾಲಿಟಿಗಳಿಗೆ ಇಲ್ಲಿ ವೈದ್ಯರು ನಿಲ್ಲುವುದೇ ಕಷ್ಟ. ಹುದ್ದೆ ಮಂಜೂರಾಗುತ್ತದೆ, ಬೆಂಗಳೂರಿನಿಂದ ಒಬ್ಬರು ಬರುತ್ತಾರೆ, ಸ್ವಲ್ಪ ದಿನಕ್ಕೆ ವರ್ಗಾವಣೆ ಮಾಡಿಸಿಕೊಂಡು ಹೋಗುತ್ತಾರೆ. ಅವರನ್ನು ಬೈದು ಏನೂ ಆಗಲ್ಲ. ಇರಲು ಒಳ್ಳೆಯ ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ಗಂಡನಿಗೋ ಹೆಂಡತಿಗೋ ಕೆಲಸ ಇವೆಲ್ಲ ಬೇಕಲ್ವಾ. ಕಟ್ಟಡಕ್ಕೆ ನೂರಾರು ಕೋಟಿ ಕೊಡುವ ಸರ್ಕಾರ ಕ್ವಾರ್ಟರ್ಸ್ ವಿಷಯದಲ್ಲಿ ಕೈ ಬಿಗಿ ಹಿಡಿಯುವುದು ನನಗೆ ತುಂಬಾ ಬೇಸರ ತರಿಸುತ್ತದೆ.

ರಾಯಚೂರಿಗೆ ಏಮ್ಸ್ (ಕೇಂದ್ರ ಸರ್ಕಾರದ ದೊಡ್ಡ ವೈದ್ಯಕೀಯ ಸಂಸ್ಥೆ) ಬೇಕು ಅಂತ 2022ರ ಮೇ ತಿಂಗಳಲ್ಲಿ ಶುರುವಾದ ಧರಣಿಗೆ ನನ್ನ ಪೂರ್ತಿ ಬೆಂಬಲ ಇದೆ. ಅದರ ಜೊತೆಗೇ ನಮ್ಮ ಶಾಸಕರ ಹತ್ತಿರ ಇನ್ನೊಂದನ್ನೂ ಕೇಳಬೇಕು. ನೂರು ಹಾಸಿಗೆಯ ಆಸ್ಪತ್ರೆಗಳಲ್ಲೂ ಎರಡು ವರ್ಷದ ಡಿಪ್ಲೊಮಾ ನಡೆಸಲು ವೈದ್ಯಕೀಯ ವಿಜ್ಞಾನಗಳ ರಾಷ್ಟ್ರೀಯ ಪರೀಕ್ಷಾ ಮಂಡಳಿ ದಾರಿ ಮಾಡಿಕೊಟ್ಟಿದೆ. ಅದರಲ್ಲಿ ಅರಿವಳಿಕೆ, ಹೆರಿಗೆ, ಮಕ್ಕಳ ವಿಭಾಗ ಮೂರೂ ಇವೆ. ಅರ್ಹತೆ ಇರುವ ತಾಲ್ಲೂಕು ಆಸ್ಪತ್ರೆಗಳಲ್ಲಿ ಇದನ್ನು ಶುರು ಮಾಡಿಸಿದರೆ, ಕಲಿಯಲು ಬಂದ ವೈದ್ಯರು ಅಲ್ಲೇ ರಾತ್ರಿ ಪಾಳಿಯಲ್ಲೂ ಇರುತ್ತಾರೆ. ನಿಮ್ಮ ಜಿಲ್ಲೆಯಲ್ಲಿ ಅರಿವಳಿಕೆ ಪಿಜಿ ಸೀಟು ಎಷ್ಟಿವೆ, ಎಷ್ಟು ಹುದ್ದೆ ಖಾಲಿ ಇವೆ ಅಂತ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಉತ್ತರ ಬಂದರೆ ಇಲ್ಲೇ ಬರೆಯಿರಿ, ಮುಂದಿನ ಮನವಿ ಬರೆಯಲು ನಾನೂ ಸೇರುತ್ತೇನೆ.