ಕಾಫಿ ಸೀಮೆಯಲ್ಲಿ ತೆರಿಗೆ ಎಲ್ಲಿಂದ ಶುರುವಾಗುತ್ತದೆ

ಮೂಡಿಗೆರೆಯ ಹತ್ತಿರ ನಾಲ್ಕು ಎಕರೆ ತೋಟ ಕೊಂಡು, ಅದರೊಳಗಿನ ಹಳೆಯ ಮನೆಯನ್ನು ಹೋಂಸ್ಟೇ ಮಾಡುವ ಯೋಚನೆಯಲ್ಲಿರುವ ನೀವು, ಕಾಫಿ ಬೆಳೆಯುವವರಿಗೆ ಆದಾಯ ತೆರಿಗೆಯೇ ಇಲ್ಲವಂತೆ, ನಿಜವೇ ಎಂದು ಕೇಳಿದ್ದೀರಿ. ಹಾಗೆ ಹೇಳುವವರಲ್ಲಿ ಹೊರಗಿನವರಿಗಿಂತ ನಮ್ಮ ಕಡೆಯವರೇ ಹೆಚ್ಚು. ಹಾಸನ ಮತ್ತು ಚಿಕ್ಕಮಗಳೂರು ರಾಜ್ಯದ ಗಡಿಯಲ್ಲಿರುವ ಜಿಲ್ಲೆಗಳಲ್ಲ, ಆದರೆ ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಗಡಿ ಈ ಎರಡೂ ಜಿಲ್ಲೆಗಳ ಒಳಗೇ ಹಾದುಹೋಗುತ್ತದೆ. ಸಕಲೇಶಪುರದ ಕಾಫಿ, ಅರಸೀಕೆರೆಯ ಕೊಬ್ಬರಿ, ಕಡೂರಿನ ಅಡಿಕೆ, ಹಾಸನದ ಆಲೂಗಡ್ಡೆ, ಪೇಟೆಯ ಅಂಗಡಿ, ಮುಳ್ಳಯ್ಯನಗಿರಿಗೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪು, ಇವುಗಳಲ್ಲಿ ಎರಡು ಮೂರು ಒಂದೇ ಮನೆಯಲ್ಲಿ ಸೇರಿರುವುದು ಇಲ್ಲಿ ಸಾಮಾನ್ಯ ಸಂಗತಿ. ಆದ್ದರಿಂದ ‘ನಾವು ಬೆಳೆಗಾರರು’ ಎಂಬ ಒಂದು ಮಾತಿನಿಂದ ತೆರಿಗೆಯ ಪ್ರಶ್ನೆ ತೀರುವುದಿಲ್ಲ. ಬಂದ ಹಣ ಯಾವ ಹಂತದಲ್ಲಿ, ಯಾವುದನ್ನು ಮಾರಿ ಬಂದದ್ದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಮೊದಲು ಕಾಫಿಯನ್ನೇ ನೋಡೋಣ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನವು ರಾಜ್ಯಗಳಿಗೆ ಕೊಟ್ಟಿರುವುದರಿಂದ, ಕೇಂದ್ರದ ಆದಾಯ ತೆರಿಗೆ ಕಾಯ್ದೆ ಅದನ್ನು ಹೊರಗಿಟ್ಟಿದೆ. ನೀವು ಹಣ್ಣು ಕೊಯ್ಯಿಸಿ, ಕಣದಲ್ಲಿ ಒಣಗಿಸಿ, ಚೆರ್ರಿಯಾಗಿಯೇ ಊರಿನ ವ್ಯಾಪಾರಿಗೆ ತೂಗಿ ಕೊಟ್ಟರೆ ಬಂದ ಲಾಭವೆಲ್ಲ ಕೃಷಿ ಆದಾಯ. ಹಣ್ಣಿನ ಹೊರಸಿಪ್ಪೆ ತೆಗೆಯುವ ಪಲ್ಪರ್‌ಗೆ ಹಾಕಿ, ತೊಳೆದು, ಒಳಸಿಪ್ಪೆ ಉಳಿದಿರುವ ಪಾರ್ಚ್‌ಮೆಂಟ್ ಮಾಡಿ ಮಾರಿದರೂ ಹಾಗೆಯೇ, ಏಕೆಂದರೆ 1942ರ ಕಾಫಿ ಕಾಯ್ದೆಯು ಕ್ಯೂರಿಂಗ್ ಎಂಬುದನ್ನು ವಿವರಿಸುವಾಗ ಪಲ್ಪಿಂಗನ್ನು ಬಿಟ್ಟು ಉಳಿದ ಯಂತ್ರಕ್ರಿಯೆಗಳನ್ನು ಮಾತ್ರ ಹೇಳುತ್ತದೆ. ಸಿಪ್ಪೆ ಬಿಡಿಸಿ, ಬೀಜವನ್ನು ಗ್ರೇಡ್ ಮಾಡಿ, ಎಂದರೆ ಕ್ಯೂರಿಂಗ್ ಮಾಡಿ, ಮಾರುವ ಹಂತಕ್ಕೆ ಬಂದಾಗ ಸ್ಥಿತಿ ಬದಲಾಗುತ್ತದೆ. 1962ರ ಆದಾಯ ತೆರಿಗೆ ನಿಯಮಾವಳಿಯಲ್ಲಿ 7ಬಿ ಎಂದಿದ್ದ ನಿಯಮದ ಪ್ರಕಾರ, ತಾನೇ ಬೆಳೆದು ತಾನೇ ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಆದಾಯದಲ್ಲಿ ಶೇಕಡಾ 25ರಷ್ಟು ವ್ಯಾಪಾರದ ಆದಾಯ, ಮಿಕ್ಕ 75 ಕೃಷಿ ಆದಾಯ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಿಕೋರಿ ಸೇರಿಸಿಯೋ ಸೇರಿಸದೆಯೋ, ಹುರಿದು ಪುಡಿ ಮಾಡಿ ಮಾರಿದರೆ ವ್ಯಾಪಾರದ ಪಾಲು ಶೇಕಡಾ 40ಕ್ಕೆ ಏರುತ್ತದೆ.

ಇಲ್ಲಿ ಆದಾಯವೆಂದರೆ ಮಾರಿದ ಹಣವಲ್ಲ. ಆಳುಗಳ ಬಟವಾಡೆ, ಗೊಬ್ಬರ, ಬೋರ್ಡೋ ದ್ರಾವಣದ ಸಿಂಪಡಣೆ, ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ, ಸಾಗಣೆ ಎಲ್ಲವನ್ನೂ ಕಳೆದ ಮೇಲೆ ಉಳಿದದ್ದು. ಹಾಗೆ ಉಳಿದದ್ದು 8 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ, ಚೆರ್ರಿ ಮಾರಿದವನಿಗೆ ತೆರಿಗೆಯ ಲೆಕ್ಕಕ್ಕೆ ವ್ಯಾಪಾರದ ಆದಾಯ ಏನೂ ಇಲ್ಲ, ಕ್ಯೂರಿಂಗ್ ಮಾಡಿ ಮಾರಿದವನಿಗೆ 2 ಲಕ್ಷ, ಪುಡಿ ಮಾರಿದವನಿಗೆ 3 ಲಕ್ಷ 20 ಸಾವಿರ. ಈಚೆಗೆ ನಮ್ಮ ಯುವ ಬೆಳೆಗಾರರು ತಮ್ಮದೇ ಹೆಸರಿನ ಪೊಟ್ಟಣದಲ್ಲಿ ಪುಡಿ ಮಾರುವುದಕ್ಕೆ ಉತ್ಸಾಹ ತೋರಿಸುತ್ತಿರುವುದು ನನಗೆ ಸಂತೋಷದ ವಿಷಯವೇ, ಆದರೆ ಅವರಲ್ಲಿ ಹಲವರು ಬೇಡಿಕೆ ಹೆಚ್ಚಾದಾಗ ಪಕ್ಕದ ತೋಟದ ಬೀಜವನ್ನೂ ಕೊಂಡು ಹುರಿಯುತ್ತಾರೆ. ಕೊಂಡ ಬೀಜದ ಲಾಭಕ್ಕೆ ಈ ಪಾಲಿನ ನಿಯಮ ಅನ್ವಯಿಸುವುದಿಲ್ಲ, ಅದು ಪೂರ್ತಿ ವ್ಯಾಪಾರ. ಸ್ವಂತ ಬೆಳೆಯ ಚೀಲ ಎಷ್ಟು, ಕೊಂಡ ಚೀಲ ಎಷ್ಟು ಎಂಬುದನ್ನು ರೋಸ್ಟರ್‌ಗೆ ಹಾಕುವ ಮೊದಲೇ ಬರೆದಿಡದಿದ್ದರೆ ಆಮೇಲೆ ಯಾವ ಆಡಿಟರ್ ಕೂಡ ಬೇರ್ಪಡಿಸಿ ಕೊಡಲಾರ.

ಇನ್ನು ಜನ ಅತಿ ಹೆಚ್ಚು ಎಡವುವ ಜಾಗ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಎಂದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಅರ್ಥವಲ್ಲ. ಒಬ್ಬ ವ್ಯಕ್ತಿಯ ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ಮೀರಿದ್ದು, ಉಳಿದ ಆದಾಯವು ತೆರಿಗೆರಹಿತ ಮಿತಿಯನ್ನು ದಾಟಿದ್ದರೆ, ತೆರಿಗೆಯ ದರವನ್ನು ನಿರ್ಧರಿಸುವುದಕ್ಕಾಗಿ ಎರಡನ್ನೂ ಕೂಡಿಸುತ್ತಾರೆ. ಹಾಸನದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು, ಸಕಲೇಶಪುರದ ಕಡೆ ತೋಟವೂ ಇರುವ ಒಬ್ಬರನ್ನು ಊಹಿಸಿಕೊಳ್ಳಿ. 2025-26ರಲ್ಲಿ ಅವರ ಅಂಗಡಿಯ ಲಾಭ 14 ಲಕ್ಷ, ತೋಟದ ಕೃಷಿ ಆದಾಯ 10 ಲಕ್ಷ. ಹೊಸ ಪದ್ಧತಿಯ ದರದಲ್ಲಿ ಒಟ್ಟು 24 ಲಕ್ಷಕ್ಕೆ ತೆರಿಗೆ 3 ಲಕ್ಷ ರೂಪಾಯಿ. ಆ ಮೊತ್ತದಿಂದ, ತೋಟದ 10 ಲಕ್ಷಕ್ಕೆ ತೆರಿಗೆರಹಿತ ಮಿತಿಯ 4 ಲಕ್ಷವನ್ನು ಸೇರಿಸಿ ಬರುವ 14 ಲಕ್ಷದ ಮೇಲಿನ ತೆರಿಗೆ, ಎಂದರೆ 90,000 ರೂಪಾಯಿಯನ್ನು ಕಳೆಯಬೇಕು. ಕಟ್ಟಬೇಕಾದದ್ದು 2 ಲಕ್ಷ 10 ಸಾವಿರ, ಅದರ ಮೇಲೆ ಶೇಕಡಾ 4ರ ಸೆಸ್. ತೋಟವೇ ಇಲ್ಲದೆ ಅಂಗಡಿಯ 14 ಲಕ್ಷ ಮಾತ್ರ ಇದ್ದಿದ್ದರೆ ತೆರಿಗೆ 90,000 ಆಗುತ್ತಿತ್ತು. ತೋಟದ ಆದಾಯದ ಮೇಲೆ ನೇರವಾಗಿ ಒಂದು ಪೈಸೆಯನ್ನೂ ಹಾಕದೆ, ಅಂಗಡಿಯ ಆದಾಯವನ್ನು ಮೇಲಿನ ದರಕ್ಕೆ ತಳ್ಳಿ 1 ಲಕ್ಷ 20 ಸಾವಿರ ಹೆಚ್ಚು ಪಡೆಯುವ ಈ ವಿಧಾನವನ್ನು ವಿವರಿಸಿದಾಗ ನಂಬದೆ ಇನ್ನೊಬ್ಬರ ಬಳಿ ಕೇಳಲು ಹೋಗುವವರಿದ್ದಾರೆ. ಆದ್ದರಿಂದ ರಿಟರ್ನ್ಸ್ ಸಲ್ಲಿಸುವಾಗ ಕೃಷಿ ಆದಾಯವನ್ನು ತೋರಿಸದೆ ಬಿಡುವುದು ಅಪಾಯ. ಕಡಿಮೆ ತೋರಿಸುವುದಷ್ಟೇ ಅಲ್ಲ, ಅಂಗಡಿಯ ಲಾಭವನ್ನು ತೋಟದ ಹೆಸರಿನಲ್ಲಿ ತೋರಿಸುವ ಹಳೆಯ ಚಾಳಿಯೂ ಈಗ ನಡೆಯುವುದಿಲ್ಲ, ಏಕೆಂದರೆ ಪಹಣಿಯಲ್ಲಿ ಎಷ್ಟು ಎಕರೆ, ಯಾವ ಬೆಳೆ ಎಂಬುದನ್ನು ಯಾರು ಬೇಕಾದರೂ ಕುಳಿತಲ್ಲಿಂದಲೇ ನೋಡಬಹುದು.

ಯಾವುದು ಕೃಷಿ, ಯಾವುದು ಅಲ್ಲ ಎಂಬುದೂ ಊಹೆಗೆ ಬಿಟ್ಟ ವಿಷಯವಲ್ಲ. ನರ್ಸರಿಯಲ್ಲಿ ಕಾಫಿ ಗಿಡ ಬೆಳೆಸಿ ಮಾರಿದರೆ ಅದು ಕೃಷಿ ಆದಾಯವೆಂದು ಕಾಯ್ದೆಯೇ ಹೇಳುತ್ತದೆ. ಬಯಲುಸೀಮೆಯ ಕಡೆ ಡೇರಿಗೆ ಹಾಲು ಹಾಕಿ ಬರುವ ಹಣ ಮಾತ್ರ, ರೈತನೇ ಪಡೆದರೂ, ಕೃಷಿ ಆದಾಯದಲ್ಲಿ ಸೇರುವುದಿಲ್ಲ. ಕಾಳುಮೆಣಸಿನ ವಿಷಯದಲ್ಲಿ, ಆದಾಯ ತೆರಿಗೆಯಿಂದ ಬೇರೆಯಾಗಿ ಮಾರಾಟದ ಮೇಲೆ ಬೀಳುವ ಜಿಎಸ್‌ಟಿ ಬಗ್ಗೆ ಬಹಳ ಕಾಲ ಗೊಂದಲವಿತ್ತು. 2024ರ ಡಿಸೆಂಬರ್‌ನಲ್ಲಿ ನಡೆದ 55ನೆಯ ಜಿಎಸ್‌ಟಿ ಮಂಡಳಿ ಸಭೆಯು, ಹಸಿಯಾಗಲಿ ಒಣಗಿದ್ದಾಗಲಿ, ಬೆಳೆದ ಕೃಷಿಕನೇ ಮಾರಿದ ಮೆಣಸಿಗೆ ಜಿಎಸ್‌ಟಿ ಇಲ್ಲ ಎಂದು ಸ್ಪಷ್ಟಪಡಿಸಿತು. ಅದೇ ಮೆಣಸನ್ನು ವ್ಯಾಪಾರಿ ಮಾರಿದರೆ ಶೇಕಡಾ 5 ಇದೆ.

ಈಗ ನಿಮ್ಮ ಹೋಂಸ್ಟೇ. ಮನೆ ತೋಟದ ನಡುವೆ ಇದ್ದರೂ, ಕಿಟಕಿ ತೆರೆದರೆ ಕಾಫಿ ಹೂವಿನ ವಾಸನೆ ಬಂದರೂ, ಅತಿಥಿಗಳು ಕೊಡುವ ಬಾಡಿಗೆ ಕೃಷಿ ಆದಾಯವಾಗುವುದಿಲ್ಲ. ಸಣ್ಣ ಪ್ರಮಾಣದಲ್ಲಿ ನಡೆಸುವವರು ಅಂದಾಜು ಲಾಭದ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಅದರಲ್ಲಿ ಬ್ಯಾಂಕ್ ಮೂಲಕ ಬಂದ ವಹಿವಾಟಿಗೆ ಕನಿಷ್ಠ ಶೇಕಡಾ 6, ನಗದಾಗಿ ಬಂದದ್ದಕ್ಕೆ ಶೇಕಡಾ 8 ಲಾಭವೆಂದು ತೋರಿಸಿದರೆ ಲೆಕ್ಕಪುಸ್ತಕಗಳ ಕಟ್ಟುಪಾಡು ತಪ್ಪುತ್ತದೆ, ಮತ್ತು ಮುಂಗಡ ತೆರಿಗೆ ಕಟ್ಟಬೇಕಾಗಿ ಬಂದರೆ ನಾಲ್ಕು ಕಂತಿನ ಬದಲು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು. ಸೇವೆ ಒದಗಿಸುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ವಹಿವಾಟು. ಆ ಮಿತಿಯೊಳಗಿದ್ದು, ಬುಕಿಂಗ್ ಆ್ಯಪ್‌ಗಳ ಮೂಲಕ ಕೊಠಡಿ ಕೊಟ್ಟರೆ ಅದರ ಜಿಎಸ್‌ಟಿಯನ್ನು ಆ್ಯಪ್‌ನವರೇ ಕಟ್ಟಬೇಕು. ನೋಂದಣಿ ಆದವರಿಗೆ, ದಿನಕ್ಕೆ 7,500 ರೂಪಾಯಿಯವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ದರ ಶೇಕಡಾ 5ಕ್ಕೆ ಇಳಿದಿದೆ, ಆದರೆ ಕೊಂಡ ಸಾಮಾನಿನ ಮೇಲೆ ಕಟ್ಟಿದ ತೆರಿಗೆಯನ್ನು ವಾಪಸು ಪಡೆಯುವಂತಿಲ್ಲ.

ಜಿಎಸ್‌ಟಿ ನೋಂದಣಿಯ ಮಿತಿಯ ವಿಷಯದಲ್ಲಿ ಪೇಟೆಯವರು ಕಲಿತ ಪಾಠ ನಿಮಗೂ ಉಪಯೋಗಕ್ಕೆ ಬರುತ್ತದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳನ್ನು ನಡೆಸುವವರಲ್ಲಿ ಬಹಳ ಮಂದಿಯ ಮೂಲ ಹಾಸನ ಜಿಲ್ಲೆಯೇ ಆದ್ದರಿಂದ ಅದರ ಬಿಸಿ ನಮ್ಮ ಊರುಗಳ ಜಗಲಿಗೂ ತಟ್ಟಿತು. ಪ್ರತಿಭಟನೆಯ ನಂತರ ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದು ಸರ್ಕಾರ ಹೇಳಿತು. ಹಾಲು, ಬ್ರೆಡ್, ತರಕಾರಿಗೆ ಜಿಎಸ್‌ಟಿ ಇಲ್ಲವಾದ್ದರಿಂದ ಅವನ್ನು ಮಾತ್ರ ಮಾರುವವರು ನೋಂದಣಿ ಮಾಡಿಸಬೇಕಾಗಿಲ್ಲ. ಅದೇ ಅಂಗಡಿಯಲ್ಲಿ ಕೇಕು, ಬಿಸ್ಕತ್ತು ಸಹ ಇದ್ದರೆ, ತೆರಿಗೆ ಇಲ್ಲದ ಹಾಲಿನ ಮಾರಾಟವೂ ಒಟ್ಟು ವಹಿವಾಟಿಗೆ ಸೇರಿಕೊಂಡು, ಸರಕು ಮಾರುವವರಿಗಿರುವ 40 ಲಕ್ಷದ ಮಿತಿಯನ್ನು ದಾಟಿಸಿಬಿಡುತ್ತದೆ. ಹಾಗೆ ದಾಟಿದ ಸಣ್ಣ ಅಂಗಡಿಯವರಿಗೆ, ವಹಿವಾಟು ಒಂದೂವರೆ ಕೋಟಿಯೊಳಗಿದ್ದರೆ, ಶೇಕಡಾ 1ರ ರಾಜಿ ತೆರಿಗೆಯ (ಕಾಂಪೊಸಿಷನ್) ದಾರಿ ಇದೆ, ಅದನ್ನು ಗಿರಾಕಿಯಿಂದ ಪ್ರತ್ಯೇಕವಾಗಿ ಪಡೆಯುವಂತಿಲ್ಲ ಅಷ್ಟೆ. ಕ್ಯೂಆರ್ ಫಲಕ ಕಿತ್ತು ನಗದಿಗೆ ಮರಳುವುದು ಪರಿಹಾರವೆಂದು ನನಗೆ ಅನ್ನಿಸುವುದಿಲ್ಲ. ಮಿತಿ ಇರುವುದು ವಹಿವಾಟಿಗೆ, ಹಣ ಬಂದ ಬಗೆಗಲ್ಲ. ನೀವು ತೋಟ ಮತ್ತು ಹೋಂಸ್ಟೇ ಎರಡನ್ನೂ ಒಂದೇ ಪ್ಯಾನ್‌ನಲ್ಲಿ ನಡೆಸುವುದಾದರೆ, ತೋಟದ ಮಾರಾಟವನ್ನು ಹೋಂಸ್ಟೇಯ ಮಿತಿಯ ಲೆಕ್ಕದಲ್ಲಿ ಹೇಗೆ ನೋಡಬೇಕು ಎಂಬುದನ್ನು ಮೊದಲ ವರ್ಷವೇ ಜಿಎಸ್‌ಟಿ ಬಲ್ಲ ಆಡಿಟರ್ ಒಬ್ಬರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಜಮೀನಿನ ಬಗ್ಗೆ ಎರಡು ಮಾತು. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ರದ್ದಾದ ಮೇಲೆ ಕೃಷಿಕರಲ್ಲದವರೂ ತೋಟ ಕೊಳ್ಳುವುದು ಸಾಧ್ಯವಾಗಿದೆ. ಮುಂದೆ ಮಾರುವ ದಿನ ಬಂದರೆ, ಗ್ರಾಮೀಣ ಕೃಷಿ ಜಮೀನಿನ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ, ಆದರೆ ಜನಸಂಖ್ಯೆ 1 ಲಕ್ಷ ಮೀರಿದ ಹಾಸನ, ಚಿಕ್ಕಮಗಳೂರಿನಂಥ ನಗರದ ಗಡಿಯಿಂದ ನೇರ ಅಳತೆಯಲ್ಲಿ 6 ಕಿಲೋಮೀಟರ್ ಒಳಗಿದ್ದರೆ ಅದನ್ನು ಗ್ರಾಮೀಣವೆಂದು ಪರಿಗಣಿಸುವುದಿಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಕಾಯ್ದೆಯು 2026ರ ಏಪ್ರಿಲ್ 1ರಿಂದ ಬಂದಿರುವುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ. ಹಳೆಯ ಸಂಖ್ಯೆಗಳನ್ನು ಹಿಡಿದು ಹುಡುಕಿದರೆ ದಾರಿ ತಪ್ಪುತ್ತೀರಿ. ಈ ವರ್ಷ ನೀವು ಮಾಡಬೇಕಾದದ್ದು ಇಷ್ಟು: ತೋಟಕ್ಕೊಂದು, ಹೋಂಸ್ಟೇಗೊಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ವ್ಯಾಪಾರಿ ಕೊಡುವ ತೂಕದ ಚೀಟಿ ಮತ್ತು ಪಟ್ಟಿಯನ್ನು, ಬಟವಾಡೆಯ ಪುಸ್ತಕವನ್ನು, ಗೊಬ್ಬರದ ಬಿಲ್ಲುಗಳನ್ನು ವರ್ಷವಾರು ಕಟ್ಟಿಡಿ. ಚೆರ್ರಿಯ ಹಣವನ್ನು ವ್ಯಾಪಾರಿ ನಗದಾಗಿ ಕೊಡುತ್ತೇನೆಂದರೆ, ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಕಾನೂನು ನಿಷೇಧಿಸಿದೆ ಮತ್ತು ಪಡೆದಷ್ಟೇ ದಂಡವನ್ನು ಪಡೆದವರ ಮೇಲೆಯೇ ಹಾಕುತ್ತದೆ ಎಂಬುದನ್ನು ತಿಳಿಸಿ, ಖಾತೆಗೇ ಹಾಕಿಸಿಕೊಳ್ಳಿ. ಸುಗ್ಗಿಯ ಹೊತ್ತಿನಲ್ಲಿ ಅವರು ಸ್ವಲ್ಪ ಗೊಣಗುತ್ತಾರೆ, ಆಮೇಲೆ ಹಾಕುತ್ತಾರೆ.