ಕೆತ್ತಿದ ಹೆಸರನ್ನು ನಂಬಬಹುದೇ?

ಪ್ರಶ್ನೆ: ನಾನು ಜರ್ಮನಿಯಲ್ಲಿದ್ದೇನೆ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಹಸಿರು ಹೂದಾನಿ ಕಂಡೆ. ಮೈ ತುಂಬ ನೇರಳೆ ಗಾಜಿನ ನೂಲು ಬಲೆಯಂತೆ ಸುತ್ತಿದೆ. ಬೆಳಕಿಗೆ ನವಿಲುಗರಿಯಂತೆ ಹೊಳೆಯುತ್ತದೆ. ತಳದಲ್ಲಿ ‘ಲೋಟ್ಸ್ ಆಸ್ಟ್ರಿಯಾ’ ಎಂದು ಕೆತ್ತಿದೆ. ಅಂಗಡಿಯವರು ನನಗಾಗಿ ಮುಂದಿನ ವಾರದವರೆಗೆ ಎತ್ತಿಟ್ಟಿದ್ದಾರೆ. ಇದು ನಿಜವಾಗಿ ಹೆಸರಾಂತ ಗಾಜಿನ ಕಾರ್ಖಾನೆ ಲೋಟ್ಸ್ ಅವರದ್ದೇ?

ಉತ್ತರ: ಕೆತ್ತಿದ ಹೆಸರನ್ನು ಕೊನೆಗೆ ನೋಡೋಣ. ಮೊದಲು ಹೂದಾನಿಯ ಮೇಲೆ ಬೆರಳಾಡಿಸಿ. ನೂಲು ಬೆರಳಿಗೆ ತಾಗುತ್ತದೆಯೇ?

ಲೋಟ್ಸ್ ಕಾರ್ಖಾನೆ ಇದ್ದದ್ದು ಬೊಹೀಮಿಯಾದ, ಅಂದರೆ ಈಗಿನ ಚೆಕ್ ದೇಶದ ಪಶ್ಚಿಮ ಭಾಗದ, ದಕ್ಷಿಣದ ಕಾಡುಸೀಮೆಯ ಕ್ಲೋಸ್ಟರ್‌ಮ್ಯೂಲೆಯಲ್ಲಿ. 1879ರಲ್ಲಿ ಅದು ಮ್ಯಾಕ್ಸ್ ಫಾನ್ ಸ್ಪೌನ್ ಕೈಗೆ ಬಂತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ದೊಡ್ಡ ಬಹುಮಾನ ಗೆದ್ದಿತು. ಅವರ ‘ಫೆನೊಮೆನ್’ ಅಲಂಕಾರಕ್ಕೆ 1898ರಲ್ಲಿ ಪೇಟೆಂಟ್ ಸಿಕ್ಕಿತ್ತು. ಬಿಸಿ ಗಾಜಿನ ಮೇಲೆ ಬಣ್ಣದ ನೂಲು ಸುತ್ತಿ, ಕೊಕ್ಕೆಯಿಂದ ಎಳೆದು ಅಲೆ ಮಾಡುತ್ತಿದ್ದರು. ಆಮೇಲೆ ಅದು ಕರಗಿ ಮೈಯೊಳಗೇ ಸೇರಿಬಿಡುತ್ತದೆ. ಕಣ್ಣಿಗೆ ಅಲೆ ಕಾಣುತ್ತದೆ, ಬೆರಳಿಗೆ ನುಣುಪು.

ನಿಮ್ಮ ಹೂದಾನಿಯ ನೂಲು ಉಬ್ಬಿ ನಿಂತಿದ್ದರೆ ನನಗೆ ಮೊದಲು ನೆನಪಾಗುವುದು ಪಾಲ್ಮೆ-ಕೋನಿಗ್ ಮತ್ತು ಹಾಬೆಲ್ ಎಂಬ ಇನ್ನೊಂದು ಗಾಜಿನ ಕಾರ್ಖಾನೆ. ಅವರ ಊರು ಬೊಹೀಮಿಯಾದ ಉತ್ತರದ ಟೆಪ್ಲಿಟ್ಸ್ ಹತ್ತಿರದ ಕೋಸ್ಟೆನ್. ದಿಕ್ಕಿಲ್ಲದಂತೆ ಹಬ್ಬಿದ ನೂಲಿನ ಬಲೆ ಅವರ ನೆಚ್ಚಿನ ಕೆಲಸ. ಬಲೆಯೊಂದರಿಂದಲೇ ತೀರ್ಮಾನಿಸಲಾಗದು, ಬೇರೆಯವರೂ ನೂಲು ಸುತ್ತುತ್ತಿದ್ದರು. ಆದರೆ ಹುಡುಕಾಟ ಅಲ್ಲಿಂದ ಶುರುವಾಗಲಿ.

ನವಿಲುಗರಿ ಹೊಳಪನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ. ಬಿಸಿ ಗಾಜಿಗೆ ತವರದಂಥ ಲೋಹದ ಲವಣದ ಹಬೆ ಹಾಯಿಸಿದರೆ ಆ ಬಣ್ಣ ಬರುತ್ತದೆ. ಕ್ರಾಲಿಕ್, ರಿಂಡ್ಸ್‌ಕೋಫ್, ಹೀಗೆ ಆಗ ಎಷ್ಟೋ ಗಾಜಿನ ಕಾರ್ಖಾನೆಯವರು ಅದನ್ನು ಮಾಡುತ್ತಿದ್ದರು. ಹೊಳೆಯುವುದೆಲ್ಲ ಲೋಟ್ಸ್ ಎಂದು ಮಾರುವ ಅಭ್ಯಾಸದಿಂದ ಈ ಒಳ್ಳೆಯ ಕೆಲಸಗಾರರ ಹೆಸರು ಎಷ್ಟು ಮರೆಯಾಗಿದೆ! ನನಗೆ ಅದೇ ಬೇಸರ.

ಆಕಾರ ಹೆಚ್ಚು ನಂಬಿಕೆಯ ಸಾಕ್ಷಿ. ಲೋಟ್ಸ್‌ನಲ್ಲಿ ಪ್ರತಿ ಆಕಾರಕ್ಕೂ ಕಾಗದದ ಮಾದರಿ, ಅದರ ಮೇಲೆ ಸಂಖ್ಯೆ ಇರುತ್ತಿತ್ತು. ಅವುಗಳಲ್ಲಿ ಸಾಕಷ್ಟು ಉಳಿದು ಪುಸ್ತಕಗಳಲ್ಲಿ ಅಚ್ಚಾಗಿವೆ. ಕತ್ತು, ಭುಜ, ಬಾಯಿಯ ಮಡಿಕೆಯನ್ನು ಹೋಲಿಸಿ ನೋಡಿ.

ಇನ್ನು ಆ ಕೆತ್ತನೆ. ನಿಜವಾದ ಲೋಟ್ಸ್‌ನಲ್ಲೂ ಹೆಚ್ಚಿನವಕ್ಕೆ ಹೆಸರೇ ಇರುವುದಿಲ್ಲ. ‘ಲೋಟ್ಸ್ ಆಸ್ಟ್ರಿಯಾ’ ಹಾಕುತ್ತಿದ್ದದ್ದು ಮುಖ್ಯವಾಗಿ ಹೊರದೇಶಕ್ಕೆ ಕಳಿಸುವ ಮಾಲಿಗೆ. ಬೊಹೀಮಿಯಾ ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು, 1918ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ಸೇರಿತು. ಆಮೇಲಿನ ಆಕಾರದ ಮೇಲೆ ‘ಆಸ್ಟ್ರಿಯಾ’ ಕಂಡರೆ ಅನುಮಾನ ಪಡಿ. ಹೆಸರಿಲ್ಲದ ಹೂದಾನಿಗೆ ಈಚೆಗೆ ಸೇರಿಸಿದ ಸಹಿಗಳೂ ಜಾಸ್ತಿ.

ಒಂದು ಭೂತಗನ್ನಡಿ ತೆಗೆದುಕೊಂಡು ಹೋಗಿ. ನೂರು ವರ್ಷ ಮೇಜಿನ ಮೇಲೆ ಕೂತ ತಳದಲ್ಲಿ ಸಣ್ಣ ಸಣ್ಣ ಗೀರುಗಳಿರುತ್ತವೆ. ಅಕ್ಷರಗಳು ಆ ಗೀರುಗಳನ್ನು ಕೊಯ್ದುಕೊಂಡು ಹೋಗಿದ್ದರೆ ಅವು ಗೀರು ಬಿದ್ದ ಮೇಲೆ ಬಂದವು, ಅಲ್ವಾ? ತಳದ ನಡುವೆ, ಊದಿದ ಮೇಲೆ ಬಾಯಿ ತಿದ್ದುವಾಗ ಕಂಬಿ ಹಿಡಿದಿದ್ದ ಜಾಗವನ್ನೂ ನೋಡಿ. ಲೋಟ್ಸ್‌ನವರು ಅದನ್ನು ಸಾಮಾನ್ಯವಾಗಿ ಉಜ್ಜಿ ನುಣುಪು ಮಾಡುತ್ತಿದ್ದರು.

ನೂಲು ಉಬ್ಬಿದ್ದು ಅಕ್ಷರ ಹೊಸದಾಗಿದ್ದರೆ ಲೋಟ್ಸ್ ಬೆಲೆ ಕೊಡಬೇಡಿ. ಹೂದಾನಿ ಮನಸ್ಸಿಗೆ ಹಿಡಿಸಿದ್ದರೆ ಪಾಲ್ಮೆ-ಕೋನಿಗ್ ಬೆಲೆಗೆ ಕೇಳಿ ನೋಡಿ.