ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಎಡಬದಿಯನ್ನು ಕಾಯುವವನು ಲೆಫ್ಟ್ ಟ್ಯಾಕಲ್. ಕಾಲೇಜಿನಲ್ಲಿ ಆಡುವ ಇಂಥವನು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ನಿಲ್ಲಬಲ್ಲನೇ ಎಂದು ತಿಳಿಯುವುದು ಹೇಗೆ? ಕೈ ಉದ್ದ 34 ಇಂಚು ಇರಲೇಬೇಕೇ?

ಇರಲೇಬೇಕೆಂದಿಲ್ಲ. ಜೋ ಥಾಮಸ್ ಅವರ ಕೈ 32 ಇಂಚು ಚಿಲ್ಲರೆ. ಅವರು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಪರ ಸತತ 10,363 ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಶುರುವಾಗುವ ಒಂದೊಂದು ಆಟ) ಆಡಿ ಹಾಲ್ ಆಫ್ ಫೇಮ್ ಸೇರಿದರು.

ನಾನು ಮೊದಲು ನೋಡುವುದು ಪಾದಗಳನ್ನು. ಅದೂ ಮೂರನೇ ಡೌನ್ (ಹತ್ತು ಗಜ ಮುಂದೊತ್ತಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಎಂಟು ಹತ್ತು ಗಜ ಬಾಕಿ, ಪಾಸ್ ಬರುತ್ತದೆಂದು ಮೈದಾನಕ್ಕೆಲ್ಲ ಗೊತ್ತಿರುವ ಗಳಿಗೆಯಲ್ಲಿ. ರಷರ್‌ಗಳನ್ನು ಒಳಬಿಟ್ಟು ಹತ್ತಿರದವನಿಗೆ ಕೊಡುವ ಸ್ಕ್ರೀನ್ ಪಾಸ್‌ಗಳನ್ನೂ ಚೆಂಡು ಕ್ಷಣದಲ್ಲಿ ಕೈಬಿಟ್ಟು ಹೋಗುವ ಆಟಗಳನ್ನೂ ಬದಿಗಿಡಿ. ಅಲ್ಲಿ ಟ್ಯಾಕಲ್‌ನ ಕುಂದು ಮುಚ್ಚಿಹೋಗುತ್ತದೆ.

ಸ್ನ್ಯಾಪ್ ಆದೊಡನೆ ಲೆಫ್ಟ್ ಟ್ಯಾಕಲ್ ಎಡಗಾಲನ್ನು ಹಿಂದಕ್ಕೆ ಜಾರಿಸುತ್ತಾನೆ, ಬಲಗಾಲು ಅದರ ಬೆನ್ನಿಗೇ ಬರುತ್ತದೆ. ಪಾದಗಳು ಒಂದಕ್ಕೊಂದು ತಾಗಬಾರದು. ಭುಜಗಳು ಅವಸರದಿಂದ ಮೈದಾನದ ಅಂಚಿನ ಕಡೆ ತಿರುಗಲೂಬಾರದು. ತಿರುಗಿದರೆ ಚುರುಕಾದ ಎಡ್ಜ್ ರಷರ್ (ಅಂಚಿನಿಂದ ಕ್ವಾರ್ಟರ್‌ಬ್ಯಾಕ್‌ನತ್ತ ನುಗ್ಗುವ ಎದುರಾಳಿ) ಹೊರಗೆ ಓಡುವಂತೆ ತೋರಿಸಿ ಸರಕ್ಕನೆ ಒಳಕ್ಕೆ ನುಗ್ಗುತ್ತಾನೆ, ಕ್ವಾರ್ಟರ್‌ಬ್ಯಾಕ್‌ಗೆ ತಪ್ಪಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಎದುರಾಳಿ ನೇರವಾಗಿ ಎದೆಗೆ ಕೈಯಿಟ್ಟು ತಳ್ಳಿದಾಗ ಸೊಂಟವನ್ನು ಗಮನಿಸಿ. ಮಂಡಿ ಮಡಚಿ ತಗ್ಗಿ ನಿಂತವನು ಎರಡು ಹೆಜ್ಜೆಯಲ್ಲಿ ಆ ಬಲವನ್ನು ತಡೆಯುತ್ತಾನೆ. ಸೊಂಟದಿಂದ ಮುಂದಕ್ಕೆ ಬಾಗುವವನು ಮುಗ್ಗರಿಸುತ್ತಾನೆ. ಎನ್‌ಎಫ್‌ಎಲ್ ಟ್ಯಾಕಲ್ ಟ್ರಿಸ್ಟನ್ ವಿರ್ಫ್ಸ್ ಶಾಲಾ ದಿನಗಳಲ್ಲಿ ಅಯೋವಾ ರಾಜ್ಯದ ಕುಸ್ತಿ ಚಾಂಪಿಯನ್ ಆಗಿದ್ದರು. ಅವರ ನಿಲುವಿನಲ್ಲಿ ಅದು ಇಂದಿಗೂ ಕಾಣುತ್ತದೆ.

ದೇಹಬಲ ನೋಡಿ ಮರುಳಾಗುವುದು ಎಷ್ಟು ದುಬಾರಿ ಎಂಬುದಕ್ಕೆ ಗ್ರೆಗ್ ರಾಬಿನ್ಸನ್ ಸಾಕ್ಷಿ. 332 ಪೌಂಡ್ ತೂಕದ ಮೈ ಹೊತ್ತು 40 ಗಜವನ್ನು 4.92 ಸೆಕೆಂಡಿನಲ್ಲಿ ಓಡಿದವರು. 2014ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವ ವ್ಯವಸ್ಥೆ) ರ‍್ಯಾಮ್ಸ್ ಅವರನ್ನು ಎರಡನೆಯವರಾಗಿ ಆರಿಸಿತು. ಆದರೆ ಅವರು ಬಂದದ್ದು ಚೆಂಡು ಹಿಡಿದು ಓಡುವುದನ್ನೇ ನೆಚ್ಚಿದ್ದ ಆಬರ್ನ್ ತಂಡದಿಂದ. ಪಾಸ್ ರಕ್ಷಣೆಯ ಪಾಠ ಅಲ್ಲಿ ಅವರಿಗೆ ಸಿಕ್ಕಿದ್ದು ಕಡಿಮೆ. 2017ರಲ್ಲಿ ರ‍್ಯಾಮ್ಸ್ ಅವರನ್ನು ಡ್ರಾಫ್ಟ್‌ನ ಆರನೇ ಸುತ್ತಿನ ಒಂದು ಆಯ್ಕೆಗೆ ಬದಲಾಗಿ ಬೇರೆ ತಂಡಕ್ಕೆ ಬಿಟ್ಟುಕೊಟ್ಟಿತು.

ರಶಾನ್ ಸ್ಲೇಟರ್ ಅವರದು ಇದಕ್ಕೆ ತದ್ವಿರುದ್ಧ. ಕೈ 33 ಇಂಚು, ಟ್ಯಾಕಲ್‌ನ ಒಳಬದಿಯ ಗಾರ್ಡ್ ಸ್ಥಾನವೇ ಇವರಿಗೆ ಸರಿ ಎಂದವರು ಬಹಳ. ನಾರ್ತ್‌ವೆಸ್ಟರ್ನ್ ಪರ 2019ರಲ್ಲಿ ಒಹಾಯೋ ಸ್ಟೇಟ್‌ನ ಎಡ್ಜ್ ರಷರ್ ಚೇಸ್ ಯಂಗ್ ಎದುರು ಅವರು ಆಡಿದ್ದನ್ನು ಹುಡುಕಿ ನೋಡಿ. ಕೈಗಳು ಎಂದೂ ಅಗಲವಾಗಿ ಬೀಸುವುದಿಲ್ಲ, ಎದುರಾಳಿ ಹತ್ತಿರ ಬರುವವರೆಗೆ ಕಾದು ಎದೆಯ ಒಳಭಾಗಕ್ಕೇ ಬೀಳುತ್ತವೆ. ಕೋವಿಡ್‌ನಿಂದಾಗಿ ಮರುವರ್ಷ ಆಡದಿದ್ದರೂ 2021ರಲ್ಲಿ ಚಾರ್ಜರ್ಸ್ ಅವರನ್ನು 13ನೆಯವರಾಗಿ ಆರಿಸಿತು. ಮೊದಲ ಋತುವಿನಲ್ಲೇ ಶ್ರೇಷ್ಠ ಆಟಗಾರರನ್ನು ಆರಿಸುವ ಪ್ರೋ ಬೌಲ್‌ಗೆ ಆಯ್ಕೆಯಾದರು.

ಹಾಗೆಂದು ಕೈ ಉದ್ದಕ್ಕೆ ಬೆಲೆಯೇ ಇಲ್ಲ ಎನ್ನಲಾರೆ. ನೀಳ ಕೈಯ ರಷರ್ ಮೊದಲು ಮುಟ್ಟುತ್ತಾನೆ, ಗಿಡ್ಡ ಕೈಯವನಿಗೆ ಒಂದು ತಪ್ಪನ್ನು ತಿದ್ದಿಕೊಳ್ಳಲು ಸಿಗುವ ಅವಕಾಶ ಕಡಿಮೆ. ಆದ್ದರಿಂದಲೇ ಅವನು ಮೊದಲ ಹೆಜ್ಜೆ ತಪ್ಪಿದ ಆಟಗಳನ್ನೇ ಹುಡುಕಿ ನೋಡುತ್ತೇನೆ. ತಪ್ಪಿದ ಮೇಲೂ ರಷರ್‌ನನ್ನು ಕ್ವಾರ್ಟರ್‌ಬ್ಯಾಕ್‌ನ ಹಿಂದಿನಿಂದ ಸುತ್ತಿಸಿ ಕಳಿಸಬಲ್ಲನಾದರೆ, ಕೈ ಎಷ್ಟೇ ಇಂಚಿರಲಿ, ಅವನನ್ನು ಟ್ಯಾಕಲ್ ಎಂದೇ ಆರಿಸುತ್ತೇನೆ. ಗಾರ್ಡ್ ಸ್ಥಾನಕ್ಕೆ ಸರಿಸುವುದೇ ಆದರೆ ಅದನ್ನು ಅವನು ಮೈದಾನದಲ್ಲಿ ಸೋತ ಮೇಲೆ ಮಾಡಿದರಾಯಿತು.